ಗುರಸಿದ್ದಪ್ಪನವರು ಕೂತ ತುದಿ

ನಾನು ಒಂದು ಬೆಂಚು. ಜನ ನನ್ನ ಮೇಲೆ ಮೊದಲು ಕೂರುತ್ತಾರೆ, ನೋಡುವುದು ಆಮೇಲೆ. ಎಷ್ಟೋ ಜನ ನೋಡುವುದೇ ಇಲ್ಲ. ನನಗೂ ಅವರ ಮುಖ ಕಾಣುವುದಿಲ್ಲ ಬಿಡಿ. ನನಗೆ ಕಾಣುವ ಭಾಗದ ಮಾತು ಇಲ್ಲಿ ಬೇಡ. ನನಗೆ ತಿಳಿಯುವುದು ಅವರ ಭಾರ. ಹೆದರಿದವನು ಅರೆಬರೆ ಕೂರುತ್ತಾನೆ, ಸುಳ್ಳು ಹೇಳುವವನು ಸರಿದಾಡುತ್ತಾನೆ, ನೆಮ್ಮದಿ ಇದ್ದವನು ಪೂರ್ತಿ ಭಾರ ಬಿಡುತ್ತಾನೆ. ಮುಖ ನೋಡಿ ಮೋಸ ಹೋದವರು ಬಹಳ ಮಂದಿ. ಭಾರದ ವಿಷಯದಲ್ಲಿ ನಾನು ಮೋಸ ಹೋದದ್ದಿಲ್ಲ.

ನಾನು ಹುಟ್ಟಿದ್ದು ಗದಗಿನ ಒಬ್ಬ ಬಡಿಗೇರರ ಅಂಗಳದಲ್ಲಿ. ಮಾಡಿಸಿದ್ದು ಒಂದು ನಾಟಕ ಕಂಪನಿ. ಕಂಪನಿ ಎಂದ ಮೇಲೆ ಇವತ್ತು ಈ ಊರು, ನಾಳೆ ಇನ್ನೊಂದು. ಹೊರುವವರಿಗೆ ಹಗುರಾಗಿರಲಿ ಎಂದು ಮಾಲಕರು ಹೇಳಿದರು. ಬಡಿಗೇರರು ಮಾವಿನ ಹಲಗೆಯನ್ನು ಹೆರೆದೂ ಹೆರೆದೂ ತೆಳ್ಳಗೆ ಮಾಡಿಬಿಟ್ಟರು. ಈ ತುದಿಯಲ್ಲಿ ಒಬ್ಬರು ಭಾರ ಬಿಟ್ಟರೆ ಆ ತುದಿಯಲ್ಲಿ ಕೂತವರಿಗೆ ಗೊತ್ತಾಗುತ್ತಿತ್ತು. ಕಂಪನಿಯ ನಾಯಕ ನಟರು ಒಮ್ಮೆ ಕೂತು, ಇದೇನು ಬೆಂಚೋ ಜೋಕಾಲಿಯೋ ಎಂದು ಬೈದು ಎದ್ದರು. ಹಾಗಾಗಿ ನನ್ನನ್ನು ಹಾಸ್ಯದ ಜೋಡಿಗೆ ಕೊಟ್ಟರು. ಅದು ನನ್ನ ಪುಣ್ಯ.

ಜೋಡಿ ಎಂದರೆ ದಾವಲಸಾಬ ಮತ್ತು ಗುರಸಿದ್ದಪ್ಪ. ದಾವಲಸಾಬರು ನಗಿಸುವವರು. ಗುರಸಿದ್ದಪ್ಪನವರು ಗಂಭೀರವಾಗಿ ಪ್ರಶ್ನೆ ಕೇಳುವವರು, ಅಷ್ಟೇ. ಅವರ ಹೆಸರುವಾಸಿ ದೃಶ್ಯದಲ್ಲಿ ಗುರಸಿದ್ದಪ್ಪ ಹೆಣ್ಣಿನ ತಂದೆ, ದಾವಲಸಾಬ ಮದುವೆಯ ದಲ್ಲಾಳಿ. ತಂದೆ ಗಂಡಿನ ವಿಚಾರ ಕೇಳುತ್ತಾನೆ, ದಲ್ಲಾಳಿ ಹೊಗಳುತ್ತಾನೆ.

"ಹುಡುಗ ಕುಡೀತಾನೇನು?"

"ಛೇ ಛೇ, ಮುಟ್ಟಂಗಿಲ್ರಿ."

ಇಲ್ಲಿ ಒಂದು ಗಳಿಗೆ ಸುಮ್ಮನಿರಬೇಕು. ಆಮೇಲೆ ದಲ್ಲಾಳಿ ಹೇಳುತ್ತಾನೆ: "ಯಾರರ ಕೊಡಿಸಿದ್ರ ಅಷ್ಟ."

ಥೇಟರಿನ ತಗಡು ಹಾರಿ ಹೋಗುವ ಹಾಗೆ ಜನ ನಗುತ್ತಿದ್ದರು. ನಾಟಕ ಮುಗಿದ ಮೇಲೆ ದಾವಲಸಾಬರನ್ನು ಮುತ್ತುತ್ತಿದ್ದರು. ಗುರಸಿದ್ದಪ್ಪನವರು ಅದೇ ಗುಂಪಿನ ನಡುವೆ ಹಾದುಹೋದರೂ ಯಾರೂ ಗುರುತು ಹಿಡಿಯುತ್ತಿರಲಿಲ್ಲ.

ಆ ಒಂದು ಗಳಿಗೆಯಲ್ಲಿ ಏನು ನಡೆಯುತ್ತಿತ್ತು ಎಂಬುದು ನನಗೊಬ್ಬನಿಗೆ ಗೊತ್ತು. ಪ್ರಶ್ನೆ ಕೇಳುವಾಗ ಗುರಸಿದ್ದಪ್ಪನವರು ನನ್ನ ಅಂಚಿನಲ್ಲಿ ಕೂತಿರುತ್ತಿದ್ದರು, ಮಗಳ ಬಾಳು ಏನಾದೀತೋ ಎಂದು ಹೆದರಿದ ತಂದೆಯ ಹಾಗೆ. "ಮುಟ್ಟಂಗಿಲ್ರಿ" ಎಂದು ಕೇಳಿದ ಕೂಡಲೇ ಅವರಿಗೆ ಸಮಾಧಾನವಾಗುತ್ತಿತ್ತು. ಸಮಾಧಾನವಾದವರ ಹಾಗೆ ನಟಿಸುತ್ತಿದ್ದರು ಎಂದುಕೊಂಡಿರೇನು? ಅಲ್ಲ, ನಿಜವಾಗಿ ಆಗುತ್ತಿತ್ತು. ಉತ್ತರ ಗೊತ್ತಿದ್ದ ಮನುಷ್ಯ, ವರ್ಷಗಟ್ಟಲೆ ಅದೇ ಮಾತು ಕೇಳಿದ ಮನುಷ್ಯ, ಪ್ರತಿ ಸಲ ಹೊಸದಾಗಿ ನಂಬುತ್ತಿದ್ದರು! ಹಿಂದಿನ ಮಾತಿಗೆ ಜನ ನಕ್ಕ ನಗು ಇಳಿಯುವವರೆಗೆ ತಡೆದು, ಆಮೇಲೆ ಮೆಲ್ಲಗೆ ಪೂರ್ತಿ ಭಾರ ಬಿಡುತ್ತಿದ್ದರು. ನನ್ನ ಹಲಗೆ ಒಂದಿಷ್ಟು ತಗ್ಗುತ್ತಿತ್ತು. ಆ ತಗ್ಗಿಗೆ ದಾವಲಸಾಬರ ಬಾಯಿಂದ ಮಾತು ಹೊರಬೀಳುತ್ತಿತ್ತು. ಅದು ತನ್ನ ನಾಲಿಗೆಯ ಗುಣ, ದೇವರು ಕೊಟ್ಟದ್ದು ಎಂದು ದಾವಲಸಾಬರು ತಿಳಿದಿದ್ದರು.

ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರಿಗೆ ಒಮ್ಮೆ ಇದು ಹೇಗೋ ಹೊಳೆಯಿತು. ನಿಮ್ಮಿಂದಲೇ ದಾವಲಸಾಬ ನಗಿಸುತ್ತಿರುವುದೆಂದು ಅವನಿಗೆ ಹೇಳಬಾರದೇ ಎಂದು ಗುರಸಿದ್ದಪ್ಪನವರನ್ನು ಕೇಳಿದರು. ಗುರಸಿದ್ದಪ್ಪನವರ ಮೈ ಬಿಗಿಯಾದದ್ದು ನನಗೆ ತಿಳಿಯಿತು.

"ಬ್ಯಾಡ್ರಿ ಮಾಸ್ತರ. ಗೊತ್ತಾದ್ರ ಅದಕ್ಕ ಕಾಯಾಕ ಶುರು ಮಾಡ್ತಾನ. ಕಾದು ಆಡಿದ ಮಾತಿಗೆ ಯಾರೂ ನಗಂಗಿಲ್ಲ."

ಮುಂದೆ ಕಂಪನಿಗೆ ಜನ ಕಡಿಮೆಯಾದರು. ಎಲ್ಲರ ಮನೆಗೆ ಟೀವಿ ಬಂತು. ಮಾಲಕರು ತಗಡಿನ ಥೇಟರು ಬಿಚ್ಚಿ ಕಂಪನಿ ಮುಚ್ಚಿದ ಹೊತ್ತಿಗೇ ಬೆಂಗಳೂರಿನ ಒಂದು ಟೀವಿಯವರು ವಾರಕ್ಕೊಂದು ಹಾಸ್ಯ ಕಾರ್ಯಕ್ರಮಕ್ಕೆ ಇವರಿಬ್ಬರನ್ನು ಕರೆದರು. ಅಲ್ಲಿ ಬೆಂಚಿಗೇನು ಬರವೇ ಎಂದು ದಾವಲಸಾಬರು ಎಷ್ಟು ಚೇಷ್ಟೆ ಮಾಡಿದರೂ ಕೇಳದೆ ಗುರಸಿದ್ದಪ್ಪನವರು ನನ್ನನ್ನು ಬಸ್ಸಿನ ಮೇಲೆ ಹಾಕಿಸಿದರು.

ಸ್ಟುಡಿಯೋದಲ್ಲಿ ನಾನು ಕಂಗಾಲಾದೆ. ಜನರೇ ಇಲ್ಲ! ಕೆಂಪು ದೀಪ ಹತ್ತಿದರೆ ಕೆಮ್ಮುವ ಹಾಗೂ ಇಲ್ಲ. ನಗು ಏರಿ ಇಳಿಯುವುದನ್ನು ಕೇಳಿಕೊಂಡು ಆಡುತ್ತಿದ್ದವರು ಈ ಮೌನದಲ್ಲಿ ಹೇಗೆ ಆಡುತ್ತಾರೆ? ಆದರೆ ಗುರಸಿದ್ದಪ್ಪನವರು ನಗುವನ್ನು ತಮ್ಮೊಳಗೇ ತಂದಿದ್ದರು. ಇಲ್ಲದ ಜನ ನಕ್ಕು ಮುಗಿಸುವವರೆಗೆ ತಡೆದು, ಸರಿಯಾದ ಗಳಿಗೆಗೆ ಭಾರ ಬಿಟ್ಟರು. ಆಮೇಲೆ ನಗುವಿನ ಸದ್ದು ಸೇರಿಸುವವರು ಬೆರಗಾದರಂತೆ. ನಗುವಿಗೆಂದೇ ಅಳೆದು ಬಿಟ್ಟ ಹಾಗೆ ಎಲ್ಲ ಕಡೆ ಜಾಗ ಇದೆಯಲ್ಲ ಎಂದರಂತೆ. ಅಬ್ಬಾ, ಆ ವಿದ್ಯೆಗೆ ಏನೆನ್ನಲಿ! ಕೈಯಿದ್ದಿದ್ದರೆ ನಾನು ಕೈ ಮುಗಿಯುತ್ತಿದ್ದೆ.

ಕಾರ್ಯಕ್ರಮ ಮನೆಮಾತಾಯಿತು. ಕ್ಯಾಮೆರಾ ಮಾತ್ರ ದಾವಲಸಾಬರ ಮುಖವನ್ನೇ ಹತ್ತಿರದಿಂದ ತೋರಿಸುತ್ತಿತ್ತು. ನಿರ್ದೇಶಕಿ ವಾರಿಜಾ ಮೇಡಂ ಕೆಟ್ಟವರಲ್ಲ. ಅವರಿಗೆ ಕಂಡದ್ದು ಪರದೆ, ಪರದೆಯಲ್ಲಿ ಗುರಸಿದ್ದಪ್ಪ ಬರೀ ಒಂದು ಭುಜ. ಆ ಜಾಗಕ್ಕೆ ಜನ ಇಷ್ಟಪಡುವ ಸಿನಿಮಾ ನಟನೊಬ್ಬನನ್ನು ಹಾಕೋಣ ಎಂದು ತೀರ್ಮಾನಿಸಿದರು. ಗುರಸಿದ್ದಪ್ಪನವರು ಆಗಲಿ ಎಂದು ಎದ್ದು ಗದಗಿಗೆ ಹೋದರು. ದಾವಲಸಾಬರು ತಡೆಯಲಿಲ್ಲ. ಬೇಸರಪಟ್ಟರು, ಆದರೆ ಪ್ರಶ್ನೆ ಯಾರು ಕೇಳಿದರೇನು ಎಂದುಕೊಂಡರು. ನನಗೆ ಸಿಟ್ಟು ಬಂತು. ಬೆಂಚಿನ ಸಿಟ್ಟನ್ನು ಕೇಳುವವರು ಯಾರು?

ಸಿನಿಮಾ ನಟ ಒಳ್ಳೆಯ ಹುಡುಗ. ಆದರೆ ಉತ್ತರ ಮೊದಲೇ ಗೊತ್ತಿದ್ದವನ ಹಾಗೆ ಹಾಯಾಗಿ ಕೂತಿರುತ್ತಿದ್ದ. ಹೆದರಿಕೆ ಇಲ್ಲ, ಸಮಾಧಾನವೂ ಇಲ್ಲ, ನನ್ನ ಹಲಗೆ ಅಲುಗಲೇ ಇಲ್ಲ. ದಾವಲಸಾಬರ ಮಾತು ಒಮ್ಮೆ ಮುಂಚೆ ಬಂತು, ಒಮ್ಮೆ ತಡವಾಯಿತು. ಮತ್ತೆ ಮತ್ತೆ ತೆಗೆದರು. ಬೆವರು ನನ್ನ ಮೇಲೆ ತೊಟ್ಟಿಕ್ಕಿತು. ತನ್ನ ಕಲೆ ಸತ್ತುಹೋಯಿತು, ಊರಿಗೆ ಹೋಗುತ್ತೇನೆ ಎಂದು ದಾವಲಸಾಬರು ಮೆಲ್ಲಗೆ ಅಂದುಕೊಂಡರು.

ಚಹಾಕ್ಕೆ ಬಿಟ್ಟಾಗ ಎಲ್ಲರೂ ಎದ್ದರು, ದಾವಲಸಾಬರು ತಲೆ ತಗ್ಗಿಸಿ ಕೂತೇ ಇದ್ದರು. ದಪ್ಪಗಿನ ಮೇಕಪ್ ಕಲಾವಿದರು ಚಹಾ ಹಿಡಿದು ಬಂದು, ಉಸ್ಸಪ್ಪಾ ಎಂದು ನನ್ನ ಇನ್ನೊಂದು ತುದಿಯಲ್ಲಿ ಪೂರ್ತಿ ಭಾರ ಬಿಟ್ಟರು. ಹಲಗೆ ತಗ್ಗಿತು.

"ಯಾರರ ಕೊಡಿಸಿದ್ರ ಅಷ್ಟ" ಎಂದರು ದಾವಲಸಾಬರು.

ಅವರು ಹೇಳಬೇಕೆಂದು ಹೇಳಿದ್ದಲ್ಲ. ಮಾತು ತಾನಾಗಿ ಬಿದ್ದಿತ್ತು. ಮೇಕಪ್‌ನವರಿಗೆ ಚಹಾ ಚೆಲ್ಲುವಷ್ಟು ನಗು ಬಂತು. ದಾವಲಸಾಬರು ನಗಲಿಲ್ಲ. ಅಂಗೈಯನ್ನು ನನ್ನ ಹಲಗೆಯ ಮೇಲೆ ಇಟ್ಟು ಒತ್ತಿ ನೋಡಿದರು, ಬಿಟ್ಟು ನೋಡಿದರು. ಇಷ್ಟು ವರ್ಷ ತನ್ನ ಮಾತು ಬಿದ್ದದ್ದು ಗುರಸಿದ್ದಪ್ಪನವರ ಭಾರಕ್ಕೆ ಎಂದು ಅವರಿಗೆ ತಿಳಿದುಹೋಯಿತು.

ನೆಟ್ಟಗೆ ಮೇಡಂ ಹತ್ತಿರ ಹೋದರು.

"ಮೇಡಂ, ಇಷ್ಟ ದಿನಾ ನಗಸಾಂವ ನಾನ ಅಂತ ತಿಳಕೊಂಡಿದ್ದೆ. ನಾ ಬರೇ ಬಾಯಿರೀ. ನಗು ನಮ್ಮ ಗುರಸಿದ್ದಪ್ಪ ಅಣ್ಣಾರದು. ಅವರ ಬಂದ್ರ ಮಾಡತೀನಿ, ಇಲ್ಲಾಂದ್ರ ನನಗ ಬರಂಗಿಲ್ಲ."

ಮೇಡಂ ಕರೆಸೋಣ ಎಂದರು.

ಗುರಸಿದ್ದಪ್ಪನವರು ಬಂದರು. ದಾವಲಸಾಬರಿಗೆ ಗುಟ್ಟು ತಿಳಿದಿದೆ ಎಂದು ಕೇಳಿ ಅವರು ಕುಸಿದು ಕೂತರು. ಇನ್ನು ಇವನು ಕಾಯುತ್ತಾನೆ, ಕೆಡುತ್ತಾನೆ ಎಂದು ಅವರಿಗೆ ಭಯ. ಆ ಭಯ ನಿಜವೇ ಆಯಿತು. ಕೆಂಪು ದೀಪ ಹತ್ತಿತು, ಪ್ರಶ್ನೆ ಬಂತು, ಭಾರ ಬಂತು. ದಾವಲಸಾಬರು ಆ ಭಾರಕ್ಕೇ ಕಾದು ಕೂತಿದ್ದರು. ಮಾತು ಹೆಣವಾಗಿ ಬಿತ್ತು. ಇನ್ನೊಮ್ಮೆ ತೆಗೆದರು, ಅದೇ ಗತಿ. ಈ ಜೋಡಿ ಇವತ್ತಿಗೆ ಮುಗಿಯಿತು ಎಂದು ನಾನೂ ಧೈರ್ಯ ಕಳೆದುಕೊಂಡೆ.

ಮೂರನೆಯ ಸಲ ಗುರಸಿದ್ದಪ್ಪನವರು ಕುಡಿತದ ಪ್ರಶ್ನೆ ಕೇಳಲಿಲ್ಲ. ನಾಟಕದಲ್ಲೇ ಇಲ್ಲದ ಒಂದು ಮಾತು ಕೇಳಿದರು.

"ಅಲ್ಲೋ, ಹುಡುಗ ಒಬ್ಬನ ಇದ್ದಾಗ ಹೆಂಗಿರ್ತಾನ?"

ಇದಕ್ಕೆ ಬಾಯಿಪಾಠದ ಮಾತು ಯಾವುದೂ ಇರಲಿಲ್ಲ. ಕಾಯುವುದಕ್ಕೂ ಏನೂ ಇರಲಿಲ್ಲ. ಗುರಸಿದ್ದಪ್ಪನವರು ಅಂಚಿನಲ್ಲಿ ಉಸಿರು ಹಿಡಿದು ಕೂತಿದ್ದರು. ಅದು ಹೆಣ್ಣಿನ ತಂದೆಯ ಹೆದರಿಕೆಯಲ್ಲ, ದಾವಲಸಾಬರಿಗಾಗಿ ಅವರದೇ ಹೆದರಿಕೆ. ಅವರು ಭಾರ ಬಿಡಲಿಲ್ಲ. ನನ್ನ ಹಲಗೆ ಒಂದು ಎಳೆಯಷ್ಟೂ ಕದಲಲಿಲ್ಲ.

"ಒಬ್ಬನ ಇದ್ರ…" ಎಂದರು ದಾವಲಸಾಬರು. ಮಾತು ನಿಲ್ಲಿಸಿದರು. ಆ ನಿಲುಗಡೆ ಅವರದೇ, ಯಾರೂ ಕೊಟ್ಟದ್ದಲ್ಲ. "ಅರ್ಧಾ ಬೆಂಚ ಬಿಟ್ಟ ಕುಂಡರತಾನ್ರಿ."

ಮೊದಲು ಗುರಸಿದ್ದಪ್ಪನವರು ಕೂತ ನನ್ನ ಬಲ ತುದಿ ಸಣ್ಣಗೆ ನಡುಗಿತು. ಏನಿದು ಎಂದು ನನಗೆ ತಿಳಿಯಲಿಲ್ಲ. ಅಷ್ಟು ವರ್ಷ ನನ್ನ ಮೇಲೆ ಕೂತ ಗುರಸಿದ್ದಪ್ಪನವರು ಒಂದು ದಿನವೂ ನಕ್ಕವರಲ್ಲ. ಈಗ ತಡೆಯಲು ನೋಡಿದರು, ಆಗಲಿಲ್ಲ. ಹೊಟ್ಟೆ ಕುಣಿಯಿತು, ಹೆಗಲು ಕುಣಿಯಿತು, ನಾನೂ ಕುಣಿದೆ. ನಕ್ಕು ನಕ್ಕು ಬಂದ ಕಣ್ಣೀರು ನನ್ನ ಮೇಲೆ ಬಿತ್ತು. ಶಾಟ್ ಕೆಟ್ಟಿತ್ತು. ಆದರೂ ಮೇಡಂ ಕಟ್ ಅನ್ನಲಿಲ್ಲ.

"ದಾವಲ್ಯಾ," ಎಂದರು ಗುರಸಿದ್ದಪ್ಪನವರು, "ಇದು ನಾ ಕೊಟ್ಟದ್ದಲ್ಲಪಾ."

ಅದಾದ ಮೇಲೆ ಇಬ್ಬರೂ ಬಹಳ ವರ್ಷ ಆಡಿದರು. ಈಗ ಇಬ್ಬರೂ ಇಲ್ಲ. ನಾನು ಸ್ಟುಡಿಯೋದ ಸಾಮಾನು ಕೋಣೆಯ ಮೂಲೆಯಲ್ಲಿದ್ದೇನೆ. ಒಂದು ಕಾಲಿಗೆ ಗೆದ್ದಲು ಹತ್ತಿದೆ. ಮೈಮೇಲೆ ಹಳೆಯ ಪರದೆಗಳ ಗಂಟು ಬಿದ್ದಿದೆ, ಅದಕ್ಕೆ ಭಾರ ಇದೆ, ಜೀವ ಇಲ್ಲ. ಬೇಸರವೇನಿಲ್ಲ. ಎಷ್ಟೋ ಜನ ಜೊತೆಯಾಗಿ ಕೂರುವುದನ್ನು ನಾನು ನೋಡಿದ್ದೇನೆ. ಒಬ್ಬ ಇನ್ನೊಬ್ಬನಿಗಾಗಿ ಅಷ್ಟು ಹೆದರಿ ಕೂತದ್ದನ್ನು ಒಮ್ಮೆ ಮಾತ್ರ ಕಂಡೆ. ಅದು ನನ್ನ ಮೇಲೆ ನಡೆಯಿತು.