ಗುಡ್ಡ ದಾಟದ ಕೈಗಳು

ನಾನು ಒಂದು ಮೊಬೈಲ್ ಫೋನು. ಆದರೆ ನನ್ನನ್ನು ಯಾರೂ 'ಹಲೋ' ಎಂದು ಕಿವಿಗೆ ಹಿಡಿದವರಿಲ್ಲ. ಹುಟ್ಟಿದ್ದು ಎಲ್ಲ ಫೋನುಗಳ ಹಾಗೆಯೇ, ಕೈಗವಸು ತೊಟ್ಟ ಹುಡುಗಿಯರು ಸಾಲಾಗಿ ಕೂತ ಕಾರ್ಖಾನೆಯಲ್ಲಿ. ಜೊತೆಯವರೆಲ್ಲ ಅಂಗಡಿಯ ಗಾಜಿನ ಕಪಾಟಿಗೆ ಹೋದರು. ನಾನು ಹುಬ್ಬಳ್ಳಿಯ ಒಂದು ಕಂಪನಿಗೆ ಬಂದೆ. ಅಲ್ಲಿ ನಾಗವೇಣಿ ಎಂಬ ಇಂಜಿನಿಯರ್ ನನ್ನ ಬೆನ್ನಿಗೆ ಚೀಟಿ ಅಂಟಿಸಿ, ಜೀಪಿನ ಮುಂದಿನ ಗಾಜಿನ ಹತ್ತಿರ ಕೂರಿಸಿದಳು. ಊರೂರು ಸುತ್ತಿ, ಎಲ್ಲಿ ಇಂಟರ್ನೆಟ್ ಎಷ್ಟು ವೇಗವಾಗಿ ಬರುತ್ತದೆಂದು ಅಳೆಯುವುದು ನನ್ನ ಕೆಲಸ. ಒಂದೇ ಫೈಲನ್ನು ಇಳಿಸಿಕೊಳ್ಳುವುದು, ಅಳಿಸುವುದು, ಮತ್ತೆ ಇಳಿಸಿಕೊಳ್ಳುವುದು. ವೇಗ ಇದ್ದರೆ ನಕ್ಷೆಯಲ್ಲಿ ಹಸಿರು ಚುಕ್ಕೆ, ಇಲ್ಲದಿದ್ದರೆ ಕೆಂಪು. ಆ ಫೈಲಿನಲ್ಲಿ ಏನಿದೆ ಎಂದು ನನಗೆ ಬಹಳ ಕುತೂಹಲವಿತ್ತು. ನೋಡಿದರೆ ಏನೂ ಇಲ್ಲ. ತೂಕಕ್ಕೆಂದು ತುಂಬಿದ ಬರೀ ಹೊಟ್ಟು!

ಹಾಗಾದರೆ ಜನ ನನ್ನಂಥವರ ಒಳಗೆ ಏನು ತುಂಬಿ ಕಳಿಸುತ್ತಾರೆ? ಅದು ತಿಳಿದದ್ದು ಗುಳೇದಗುಡ್ಡದಲ್ಲಿ.

ಗುಡ್ಡದ ಬುಡದ ನೇಕಾರರ ಓಣಿಯ ಮುಂದೆ ಹಸಿರು ಚುಕ್ಕೆ ಇಡುತ್ತ ಹೊರಟಿದ್ದೆವು. ಒಬ್ಬ ಹೆಂಗಸು ನೀರಿನ ಕೊಡದ ಸಮೇತ ಜೀಪಿಗೆ ಅಡ್ಡ ನಿಂತಳು.

"ಏನವ್ವಾ, ಗಾಡಿ ಕಾಣಂಗಿಲ್ಲೇನು?" ಎಂದ ಡ್ರೈವರ್ ಮೌಲಾಲಿ.

"ಕಾಣ್ತದಪ್ಪಾ. ನೆಟ್ ನೋಡಾವ್ರು ಹೌದಲ್ಲೋ? ರಸ್ತಾದಾಗ ನೋಡ್ಕೋತ ಹೋದ್ರ ಏನ್ ಬಂತು? ನಾವೇನ್ ರಸ್ತಾದಾಗ ಸಂಸಾರ ಮಾಡ್ತೀವೇನು? ಮನಿಯೊಳಗ ಬರ್ರಿ."

ಅವಳು ನೀಲವ್ವ. ಅವಳ ನೆಗೆಣ್ಣಿ, ಮೈದುನನ ಹೆಂಡತಿ ದಾಕ್ಷಾಯಣಿ ಒಳಗೆ ಮಗ್ಗದ ಮುಂದೆ ಕೂತಿದ್ದಳು. ಅವಳಿಗೆ ಕಿವಿ ಕೇಳದು, ಮಾತೂ ಬಾರದು. ಮಗಳು ರೋಹಿಣಿಯೂ ಹಾಗೆಯೇ. ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ತಾಯಿ ಮಗಳ ಮಾತೆಲ್ಲ ವಿಡಿಯೋ ಕಾಲಿನಲ್ಲಿ, ಕೈಸನ್ನೆಯಲ್ಲಿ.

"ಫೋನಿನ್ಯಾಗ ಇಕಿಗೆ ಮಗಳು ಸ್ವಚ್ಛ ಕಾಣ್ತಾಳ್ರಿ. ಅಲ್ಲಿ ಮಗಳಿಗೆ ಮಾತ್ರ ಇಕಿ ಚಿತ್ರ ಗೊಂಬಿ ಹಂಗ ನಿಂತುಬಿಡ್ತದ. ಅವ್ವ ಸಿಟ್ಟಾಗ್ಯಾಳ, ನನ್ನ ಕೂಡ ಮಾತಾಡವಲ್ಲಳು ಅಂತ ಹುಡುಗಿ ತಿಳ್ಕೊಂಡದ. ನಾ ಮೆಸೇಜ್ ಬರದ್ರ ನಂಬಂಗಿಲ್ಲ. ನಾಳೆ ಸಾಲಿ ಬಿಟ್ಟು ಬಸ್ ಹತ್ತತೀನಿ ಅಂದದ."

ನಾಗವೇಣಿ ನನ್ನನ್ನು ಮಗ್ಗದ ಮೇಲಿಟ್ಟು ಅಳೆದಳು. ಅಲ್ಲೂ ಹಸಿರು! ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಅಳೆದಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು.

"ಮೌಲಾಲಿ, ನಾವು ಬರೋದನ್ನಷ್ಟ ಅಳದೀವಿ. ಇಲ್ಲಿಂದ ಹೋಗೋದನ್ನ ಅಳದೇ ಇಲ್ಲ."

ನಿಜ. ಗುಡ್ಡದ ಆಚೆಯ ಟವರ್ ದೊಡ್ಡ ಗಂಟಲಿನದು, ಅದು ಕೂಗಿದರೆ ಇಲ್ಲಿಗೆ ಕೇಳುತ್ತದೆ. ನನ್ನದು ಸಣ್ಣ ದನಿ, ಗುಡ್ಡ ದಾಟದು. ಈ ಸಲ ಫೈಲನ್ನು ಕಳಿಸಲು ಹೇಳಿದಳು. ಎಷ್ಟು ಕೂಗಿದರೂ ಆಗಲಿಲ್ಲ. ನನ್ನನ್ನು ಹಿಡಿದು ಅಂಗಳಕ್ಕೆ ಬಂದಳು, ಮೆಟ್ಟಿಲು ಹತ್ತಿದಳು. ಬಣ್ಣದ ನೂಲು ಒಣಗಲು ಹಾಕಿದ್ದ ಮಾಳಿಗೆಯ ಒಂದು ಮೂಲೆಯಲ್ಲಿ ನನ್ನ ದನಿ ಥಟ್ಟನೆ ತಲುಪಿತು.

"ಕರಕೊಂಡ್ ಬರ್ರಿ ಅವರನ್ನ!"

ನನ್ನಲ್ಲೇ ರೋಹಿಣಿಯ ನಂಬರು ಒತ್ತಿ ವಿಡಿಯೋ ಕಾಲ್ ಮಾಡಿದರು. ದಾಕ್ಷಾಯಣಿಯ ಕೈ ಓಡತೊಡಗಿತು. ಅತ್ತ ಮಗಳು ಕಣ್ಣರಳಿಸಿದಳು, ಅತ್ತಳು, ಜಗಳವಾಡಿದಳು, ಕೊನೆಗೆ ನಕ್ಕಳು. ತಾಯಿ ಗಲ್ಲ ಮುಟ್ಟಿ, ಎದೆ ತಟ್ಟಿ, ಬೆರಳು ಕುಣಿಸಿ ಏನೋ ಹೇಳಿದಳು.

"ಹಂಗಂದ್ರ ಏನ್ರೀ?" ಮೌಲಾಲಿ ಕತ್ತು ಚಾಚಿದ.

"ಅದು ತಾಯಿ ಮಗಳ ಮಾತು, ನಿನಗ್ಯಾಕೋ?" ಎಂದ ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬಸ್ ಹತ್ತಂಗಿಲ್ಲಂತ. ಅಷ್ಟ ತಿಳ್ಕೋ."

ಸಂಜೆ ನಾಗವೇಣಿ ಆ ಓಣಿಯ ಹಸಿರು ಚುಕ್ಕೆಗಳನ್ನೆಲ್ಲ ಕೆಂಪು ಮಾಡಿದಳು. ಅಂದಿನಿಂದ ಹೋದ ಊರಲ್ಲೆಲ್ಲ ನನ್ನನ್ನು ಮನೆಯೊಳಗೂ ಒಯ್ದಳು, ಬರುವುದರ ಜೊತೆಗೆ ಹೋಗುವುದನ್ನೂ ಅಳೆದಳು. ಆ ಓಣಿಗೆ ಹೊಸ ಟವರ್ ಬಂತೋ, ದಾಕ್ಷಾಯಣಿ ಇನ್ನೂ ಮಾಳಿಗೆ ಹತ್ತುತ್ತಾಳೋ, ನನಗೆ ಯಾರೂ ಹೇಳಲಿಲ್ಲ.

ಈಗ ನನ್ನ ಬ್ಯಾಟರಿ ಉಬ್ಬಿದೆ. ಆಫೀಸಿನ ಡ್ರಾಯರಿನಲ್ಲಿ ಹಳೆಯ ವೈರುಗಳ ನಡುವೆ ಮಲಗಿದ್ದೇನೆ. ಹೊತ್ತ ಆ ಹೊಟ್ಟಿನ ಫೈಲುಗಳೆಲ್ಲ ಮರೆತುಹೋಗಿವೆ. ಗಲ್ಲ ಮುಟ್ಟಿ ಎದೆ ತಟ್ಟಿದ ಆ ಕೈಯನ್ನು ಮಾತ್ರ ಚೂರೂ ತುಂಡಾಗದಂತೆ ದಾಟಿಸಿದ್ದೆ. ಏನು ಹೇಳಿದಳೋ! ಯಾರಾದರೂ ಡ್ರಾಯರ್ ಎಳೆದಾಗಲೆಲ್ಲ ಒಳಗೆ ಬರುವ ಕೈಯನ್ನೇ ನೋಡುತ್ತೇನೆ, ಇದೂ ಏನಾದರೂ ಹೇಳೀತೇ ಎಂದು.