ಸ್ವಾಲೋ ಇನ್ನೂ ಬಂದಿಲ್ಲ

ದಾನಪ್ಪನಿಗೆ ಕಾಯುವ ಕೆಲಸ ಕೊಟ್ಟದ್ದು ಕ್ಯಾರಲ್ ಎಂಬ ಎಂಬತ್ತೊಂದು ವರ್ಷದ ಅಜ್ಜಿ. ಶಿಕಾಗೋದ ಪಶ್ಚಿಮಕ್ಕೆ, ಮನೆಗಳ ಬಡಾವಣೆಗಳೆಲ್ಲ ಮುಗಿದು ಹೊಲ ಶುರುವಾಗುವಲ್ಲಿ ಆಕೆಯದೊಂದು ಕುದುರೆ ಲಾಯವಿತ್ತು. ಮೂರು ವರ್ಷದಿಂದ ಪ್ರತಿ ಶನಿವಾರ ದಾನಪ್ಪ ವುಡ್‌ರಿಡ್ಜ್‌ನಿಂದ ಮಗಳು ದಿಯಾಳನ್ನು ಸವಾರಿ ಕಲಿಯಲು ಅಲ್ಲಿಗೆ ಕರೆತರುತ್ತಿದ್ದ. ಬೇರೆ ಮಕ್ಕಳ ಅಪ್ಪಂದಿರು ಕಾರಿನಲ್ಲೇ ಕೂತು ಫೋನ್ ಉಜ್ಜುತ್ತಿದ್ದರು, ಇಲ್ಲವೇ ಕಾಫಿ ತರುತ್ತೇವೆಂದು ಹೋಗಿಬಿಡುತ್ತಿದ್ದರು. ದಾನಪ್ಪ ಮಾತ್ರ ಲಾಯದೊಳಗೆ ಒಂದು ಬಕೆಟ್ ಬೋರಲು ಹಾಕಿ, ಅದರ ಮೇಲೆ ಕೂತು, ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಒಂದೂವರೆ ಗಂಟೆ ಸುಮ್ಮನಿರುತ್ತಿದ್ದ.

"ನಿನ್ನಷ್ಟು ಚೆನ್ನಾಗಿ ಕಾಯುವವರನ್ನು ನಾನು ನೋಡೇ ಇಲ್ಲ. ಎಲ್ಲಿ ಕಲಿತೆ?" ಎಂದು ಕ್ಯಾರಲ್ ಒಮ್ಮೆ ಕೇಳಿದ್ದಳು.

ಗ್ರೀನ್ ಕಾರ್ಡಿಗೆ ಹನ್ನೊಂದು ವರ್ಷದ ಹಿಂದೆ ಅರ್ಜಿ ಹಾಕಿರುವುದನ್ನೂ, ಸಾಲು ಈಗಿನ ವೇಗದಲ್ಲೇ ಮುಂದೆ ಹೋದರೆ ತನಗೆ ತೊಂಬತ್ತಮೂರು ತುಂಬಿದಾಗ ಸರದಿ ಬರುತ್ತದೆಂಬುದನ್ನೂ ದಾನಪ್ಪ ವಿವರಿಸಿದ. ಒಳ್ಳೆಯ ಕಾಲೇಜಿನ ಹೆಸರು ಕೇಳಿದವಳಂತೆ ಆಕೆ ತಲೆಯಾಡಿಸಿದಳು.

ಮಾರ್ಚ್‌ನಲ್ಲಿ ಕ್ಯಾರಲ್ ಮಂಜಿನ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಮಗ ಎರಿಕ್ ಆಕೆಯನ್ನು ಮಿಶಿಗನ್‌ನ ಸೌತ್‌ಫೀಲ್ಡ್‌ನಲ್ಲಿರುವ ತನ್ನ ಮನೆಗೆ ಕರೆದೊಯ್ಯಲು ವ್ಯಾನ್ ತಂದ. ಹೊರಡುವ ಮುಂಚೆ ಆಕೆ ಗಾಲಿಕುರ್ಚಿಯಲ್ಲಿ ಕೂತೇ ದಾನಪ್ಪನಿಗೆ ಹೇಳಿಕಳಿಸಿದಳು.

"ಕವಲುತೋಕೆಗಳು ಬರುವ ಹೊತ್ತಾಯಿತು," ಎಂದು ತೊಲೆಯ ಮೇಲೆ ಒಣಗಿ ನಿಂತಿದ್ದ ಮಣ್ಣಿನ ಗೂಡು ತೋರಿಸಿದಳು. "ಅರ್ಜೆಂಟೀನಾದಿಂದ ಬರುತ್ತವೆ. ಏಪ್ರಿಲ್ ಇಪ್ಪತ್ತೈದು ದಾಟಿಸಿದ್ದೇ ಇಲ್ಲ. ಕುದುರೆಗಳಿಗೆ ಆಳು ಇದ್ದಾಳೆ. ನೀನು ಬೆಳಗ್ಗೆ ಆರಕ್ಕೆ ದೊಡ್ಡ ಬಾಗಿಲು ತೆಗೆದು ಅಲ್ಲಿ ಕೂತಿರಬೇಕು. ಬಂದ ತಕ್ಷಣ ನನಗೆ ಫೋನ್ ಮಾಡಬೇಕು."

"ಬಾಗಿಲು ತೆಗೆದಿಟ್ಟರೆ ಸಾಲದೇ? ಕೂತಿರಲೇಬೇಕಾ?"

"ಅಷ್ಟು ದೂರದಿಂದ ಬರುವವರಿಗೆ ಬಾಗಿಲಲ್ಲಿ ಒಬ್ಬರಾದರೂ ಬೇಡವೇ?"

ಮಾತು ಸರಿಯೆನಿಸಿತು. ದಾನಪ್ಪ ಒಪ್ಪಿಕೊಂಡ. ಮನೆಯಲ್ಲಿ ಹೆಂಡತಿ ಮಂಜರಿಗೆ ಹಾಗೆ ಅನಿಸಲಿಲ್ಲ.

"ನೀವು ಕಾಯ್ತಾ ಕೂತಿದೀರ ಅಂತ ಆ ಹಕ್ಕಿಗೆ ಗೊತ್ತೇನ್ರೀ?"

"ಅದಕ್ಕ ಗೊತ್ತಿಲ್ಲಂತ ನಾ ಹೋಗದ ಇರಾಕ ಬರ್ತದೇನು? ಮಾತು ಕೊಟ್ಟೀನಿ."

"ಆಫೀಸು?"

"ಹತ್ತರಿಂದ ಬರ್ತೀನಿ ಅಂತ ಕ್ಯಾಲೆಂಡರಿನಾಗ ಹಾಕ್ತೀನಿ."

ಹಾಗೆಯೇ ಹಾಕಿದ. ಶಾಮ್‌ಬರ್ಗ್‌ನಲ್ಲಿ ಒಂದು ವಿಮಾ ಕಂಪನಿಯ ಸಾಫ್ಟ್‌ವೇರ್ ತಂಡದಲ್ಲಿ ಅವನಿಗೆ ಕೆಲಸ. ಕವಲುತೋಕೆಗೆ ಇಂಗ್ಲಿಷಿನಲ್ಲಿ ಸ್ವಾಲೋ ಎನ್ನುತ್ತಾರೆ. ತಂಡದ ಕ್ಯಾಲೆಂಡರಿನಲ್ಲಿ ಏಪ್ರಿಲ್ ಹದಿನೈದರ ಎದುರು 'ಸ್ವಾಲೋ ಅರೈವಲ್ ಆಗುವ ತನಕ, ದಾನಪ್ಪ' ಎಂದು ಬರೆದ. ಮೂರು ದಿನ ಬಿಟ್ಟು ನೋಡಿದರೆ ಆ ಸಾಲು ಕ್ಯಾಲೆಂಡರಿನಿಂದ ಎದ್ದು ಪ್ರಾಜೆಕ್ಟಿನ ಯೋಜನಾಪಟ್ಟಿಯೊಳಗೆ ಹೋಗಿ ಕೂತಿತ್ತು. ಸ್ವಾಲೋ ಬಂದ ಮೇಲೆ ಕೊನೆಯ ಟೆಸ್ಟಿಂಗ್, ಟೆಸ್ಟಿಂಗ್ ಆದ ಮೇಲೆ ಗೋ-ಲೈವ್, ಅಂದರೆ ಸಾಫ್ಟ್‌ವೇರನ್ನು ಬಳಕೆಗೆ ಬಿಡುವುದು. ಯಾರು ಸೇರಿಸಿದರೋ ಕಡೆಗೂ ತಿಳಿಯಲಿಲ್ಲ. ಪಟ್ಟಿಯಲ್ಲಿ ಒಮ್ಮೆ ಕೂತ ಸಾಲನ್ನು ತೆಗೆಯಲು ಐವರ ಸಹಿ ಬೇಕಿತ್ತು. ಇದ್ದರೆ ಇರಲೆಂದು ಎಲ್ಲರೂ ಬಿಟ್ಟರು.

ದಾನಪ್ಪ ಆರಕ್ಕೆ ಲಾಯಕ್ಕೆ ಹೋಗಿ, ದೊಡ್ಡ ಬಾಗಿಲನ್ನು ಹಳಿಯ ಮೇಲೆ ಸರಿಸಿ, ಫ್ಲಾಸ್ಕಿನ ಚಹಾ ಪಕ್ಕಕ್ಕಿಟ್ಟು ಕೂರುತ್ತಿದ್ದ. ಮೂವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಚಳಿ. ಮೊದಲ ಶನಿವಾರ ಅವನು ಥಟ್ಟನೆ ಎದ್ದು ನಿಂತು ಬೇಲಿಯ ಮೇಲಿನ ಹಕ್ಕಿಯತ್ತ ಕೈ ತೋರಿಸಿದ.

"ಅಪ್ಪಾ, ದಟ್ಸ್ ಅ ರಾಬಿನ್," ಎಂದಳು ದಿಯಾ.

ಇಪ್ಪತ್ತೈದು ಬಂತು, ಹೋಯಿತು. ಹಕ್ಕಿ ಬರಲಿಲ್ಲ. ಇಪ್ಪತ್ತೆಂಟರ ಮೀಟಿಂಗಿಗೆ ಬೇರೆ ಊರಿನ ಆಫೀಸಿನಿಂದ ವೈಸ್ ಪ್ರೆಸಿಡೆಂಟ್ ಬ್ರಾಡ್ ತಾನೇ ಪರದೆಯ ಮೇಲೆ ಬಂದ. ಯೋಜನಾಪಟ್ಟಿಯಲ್ಲಿ ಸ್ವಾಲೋ ಸಾಲಿನಿಂದ ಕೆಳಗೆ ಎಲ್ಲವೂ ತಡವಾಗಿದೆಯೆಂಬ ಗುರುತಿಗೆ ಕೆಂಪಾಗಿತ್ತು. ದಾನಪ್ಪ ಲಾಯದಿಂದಲೇ ಸೇರಿಕೊಂಡಿದ್ದ.

"ಈ ಸ್ವಾಲೋ ಎಲ್ಲಿದೆ?" ಎಂದು ಬ್ರಾಡ್ ಕೇಳಿದ.

"ದಾರಿಯಲ್ಲಿದೆ ಸರ್. ಅರ್ಜೆಂಟೀನಾದಿಂದ ಬರಬೇಕು."

"ಒಳ್ಳೆಯದು. ನಮ್ಮ ಟೈಮ್‌ಝೋನಿಗೆ ಹತ್ತಿರ. ಎಷ್ಟು ಜನ?"

"ಸಾಮಾನ್ಯವಾಗಿ ಇಬ್ಬರು. ಸರ್, ಅದು ಹಕ್ಕಿ."

ಪರದೆಯ ಮೇಲಿನ ಹದಿನೇಳು ಮುಖಗಳು ಅಲ್ಲಾಡಲಿಲ್ಲ. ಆಮೇಲೆ ಬ್ರಾಡ್ ನಕ್ಕ. "ತಂಡದ ಹೆಸರಿಗೆ ತಕ್ಕ ಹಾಗೆ ತಮಾಷೆ ಮಾಡುತ್ತೀಯ! ಇರಲಿ, ಒಂದು ತಾರೀಕು ಕೊಡು."

"ಗಾಳಿ ತೆಂಕಣದಿಂದ ಬೀಸಬೇಕು ಸರ್. ಹುಳು ಏಳಬೇಕು. ಆಮೇಲೆ ಬರುತ್ತವೆ."

'ಗಾಳಿ, ಹುಳು' ಎಂದು ಯಾರೋ ಅಪಾಯಗಳ ಪಟ್ಟಿಯಲ್ಲಿ ಬರೆದುಕೊಂಡರು.

ಮೀಟಿಂಗ್ ಮುಗಿದ ಕೂಡಲೇ ಮ್ಯಾನೇಜರ್ ವಿಜಯ್ ಕುಮಾರ್ ಫೋನ್ ಮಾಡಿದ. ಬೆಂಗಳೂರಿನವನು, ಗಾಬರಿಯಾದರೆ ಕನ್ನಡಕ್ಕೆ ಇಳಿಯುತ್ತಿದ್ದ. "ದಾನಪ್ಪ, ನಿಜ ಹೇಳಿ. ಏನ್ರೀ ಇದು ಸ್ವಾಲೋ?"

"ಹಕ್ಕಿ ಸರ್. ನಾ ತಡಾಗಿ ಬರೋದರ ಸಾಲು ಅದು. ತೆಗಸಿಬಿಡ್ರಿ."

"ತೆಗೆಯೋಕಾಗಲ್ಲ ರೀ! ಅದಕ್ಕೋಸ್ಕರ ನಲವತ್ತು ಟೆಸ್ಟರ್‌ಗಳು ಕಾಯ್ತಿದಾರೆ ಅಂತ ನಾನೇ ಮೇಲಕ್ಕೆ ರಿಪೋರ್ಟ್ ಕಳಿಸಿದೀನಿ. ಅದನ್ನ ಬೇಗ ಕರೆಸಿ, ಅಷ್ಟೇ."

ಅದೇ ಮಧ್ಯಾಹ್ನ ಸೌತ್‌ಫೀಲ್ಡ್‌ನಿಂದ ಎರಿಕ್ ಫೋನ್ ಮಾಡಿದ. "ಅಮ್ಮ ಹಾಸಿಗೆಯಿಂದ ಕಾಲು ಕೆಳಗಿಡುತ್ತಿಲ್ಲ. ಫಿಸಿಯೋದವಳು ದಿನಾ ಬಂದು ವಾಪಸ್ ಹೋಗುತ್ತಾಳೆ. ಹಕ್ಕಿ ಬರಲಿ, ಆಮೇಲೆ ನಿಲ್ಲುತ್ತೇನೆ ಅನ್ನುತ್ತಾಳೆ. ಈಗ ನಡೆಸದಿದ್ದರೆ ಮತ್ತೆ ನಡೆಯುವುದೇ ಇಲ್ಲವಂತೆ. ದಯವಿಟ್ಟು ಬಂದವು ಅಂತ ಹೇಳಿಬಿಡಿ."

ದಾನಪ್ಪ ಎರಡು ದಿನ ಒದ್ದಾಡಿದ. "ಹೇಳ್ರೀ, ಏನಾಗುತ್ತೆ? ಪಾಪ, ಮುದುಕಿ ಎದ್ದು ಓಡಾಡ್ಲಿ," ಎಂದಳು ಮಂಜರಿ. ಅದೂ ಸರಿಯೆನಿಸಿತು. ಮೇ ಒಂದರಂದು ಬೆಳಗ್ಗೆ ಆರೂವರೆಗೆ ಅವನು ಬಕೆಟ್ ಮೇಲಿಂದ ಫೋನ್ ಮಾಡಿದ.

"ಕ್ಯಾರಲ್, ಬಂದವು."

"ಎಷ್ಟು?"

"ಎರಡು."

"ಫೋನನ್ನು ಮೇಲಕ್ಕೆ ಹಿಡಿ."

ದಾನಪ್ಪ ಕೈ ಎತ್ತಿ ನಿಂತ. ಒಂದು ಕುದುರೆ ಸೀನಿತು. ಇನ್ನೊಂದು ಬಾಲ ಬೀಸಿತು. ಇನ್ನಷ್ಟು ಹೊತ್ತು ಕೈ ಎತ್ತಿಕೊಂಡೇ ಇದ್ದು, ಆಮೇಲೆ ಫೋನನ್ನು ಕಿವಿಗೆ ತಂದುಕೊಂಡ.

"ಅವು ಬಂದರೆ ಒಂದು ಗಳಿಗೆ ಬಾಯಿ ಮುಚ್ಚುವುದಿಲ್ಲ," ಎಂದಳು ಕ್ಯಾರಲ್. "ನೀನೂ ಎರಿಕ್‌ನ ಹಾಗೆ ನನಗೆ ಸುಳ್ಳು ಹೇಳುವವನಾದೆಯಲ್ಲ." ಫೋನ್ ಇಟ್ಟಳು.

ಅಷ್ಟು ಅವಮಾನ ಅವನಿಗೆ ವೀಸಾ ಕಿಟಕಿಯ ಮುಂದೆಯೂ ಆಗಿರಲಿಲ್ಲ. ಮರುದಿನದಿಂದ ಐದಕ್ಕೇ ಹೋಗಿ ಕೂತ. ಹಕ್ಕಿಗಳಿಗೆ ಗೂಡಿನ ಕೆಲಸಕ್ಕೆ ಹಸಿ ಮಣ್ಣು ಬೇಕೆಂದು ಎಲ್ಲೋ ಓದಿ, ಬಾಗಿಲಿನ ಎದುರು ನೆಲ ಅಗೆದು, ನೀರು ಹಾಕಿ, ಬರಿಗಾಲಿನಲ್ಲಿ ತುಳಿದು ಕೆಸರು ಮಾಡಿದ. ಕಾಲು ಮರಗಟ್ಟಿತು. ಆದರೂ ತುಳಿಯುವಾಗ ಮನಸ್ಸಿಗೆ ಸ್ವಲ್ಪ ಹಗುರವಾಯಿತು.

ಮೇ ಆರರಂದು ಎಂಟು ಗಂಟೆಗೆ ಲಾಯದ ಮುಂದೆ ಒಂದು ವ್ಯಾನ್ ಬಂದು ನಿಂತಿತು. ಎರಿಕ್ ಗಾಲಿಕುರ್ಚಿ ಇಳಿಸಿದ. ಕ್ಯಾರಲ್ ಹಿಂದಿನ ದಿನವೆಲ್ಲ ಊಟ ಬಿಟ್ಟು ಹಟ ಹಿಡಿದು ಮುನ್ನೂರು ಮೈಲಿ ಬಂದಿದ್ದಳು. ದಾನಪ್ಪನ ಕೆಸರುಗಾಲು ನೋಡಿದಳು, ಎದುರಿನ ಗುಂಡಿ ನೋಡಿದಳು. "ಮಣ್ಣು ಇನ್ನೂ ತೆಳ್ಳಗಾಗಬೇಕು," ಎಂದಷ್ಟೇ ಹೇಳಿದಳು. ಕ್ಷಮಿಸಿದಳೆಂದು ದಾನಪ್ಪ ಅರ್ಥ ಮಾಡಿಕೊಂಡ.

ಅವನು ಕುರ್ಚಿಯನ್ನು ಗೂಡಿನ ಕೆಳಗೆ ತಂದು ನಿಲ್ಲಿಸುವಷ್ಟರಲ್ಲಿ ಇನ್ನೊಂದು ಕಾರು ಬಂತು. ಅದರಿಂದ ಕೋಟು ತೊಟ್ಟ ಬ್ರಾಡ್ ಇಳಿದ, ಹಿಂದೆಯೇ ಲ್ಯಾಪ್‌ಟಾಪ್ ಎದೆಗವಚಿಕೊಂಡ ವಿಜಯ್ ಕುಮಾರ್. ಸ್ವಾಲೋದವರ ಜೊತೆ ಮುಖಾಮುಖಿ ಕೂತು ಮಾತಾಡದೆ ಇದು ಬಗೆಹರಿಯದೆಂದು ಹಿಂದಿನ ವಾರ ಮೇಲಿನವರು ತೀರ್ಮಾನಿಸಿದ್ದರು. ವಿಳಾಸ ಕೇಳಿದಾಗ ದಾನಪ್ಪ ಲಾಯದ ವಿಳಾಸ ಕೊಟ್ಟಿದ್ದ. ಬೇರೆ ಯಾವುದು ಕೊಡಬೇಕಿತ್ತು?

ಬ್ರಾಡ್ ಕುದುರೆಗಳನ್ನು ನೋಡಿದ, ಮುದುಕಿಯನ್ನು ನೋಡಿದ, ಕೈ ಚಾಚಿದ. "ನೀವು ಸ್ವಾಲೋ ಕಡೆಯವರಾ?"

"ನಲವತ್ತು ವರ್ಷದಿಂದ," ಎಂದಳು ಕ್ಯಾರಲ್.

"ಎಷ್ಟು ಹೊತ್ತಿಗೆ ಬರುತ್ತಾರೆ?"

"ಅವರಿಷ್ಟ. ಕೂತ್ಕೋ."

ದಾನಪ್ಪ ಇನ್ನೂ ಮೂರು ಬಕೆಟ್ ತಂದು ಬೋರಲು ಹಾಕಿದ. ಎಲ್ಲರೂ ಸಾಲಾಗಿ ಕೂತರು. ಫ್ಲಾಸ್ಕಿನ ಚಹಾ ಮುಚ್ಚಳದಲ್ಲಿ ಒಬ್ಬರಿಂದ ಒಬ್ಬರಿಗೆ ಹೋಯಿತು. ಬ್ರಾಡ್ ಮೊದಲು ಗಡಿಯಾರ ನೋಡುತ್ತಿದ್ದ. ಒಂದು ಗಂಟೆಯಾದ ಮೇಲೆ ನೋಡುವುದನ್ನು ಬಿಟ್ಟು, ಮೊಣಕಾಲ ಮೇಲೆ ಕೈಯಿಟ್ಟುಕೊಂಡ. ಹನ್ನೊಂದರ ಸುಮಾರಿಗೆ ಗಾಳಿ ಜೋರಾಯಿತು. ವಿಜಯ್ ಕುಮಾರ್‌ಗೆ ಚಳಿ ತಡೆಯಲಾಗಲಿಲ್ಲ. ಯಾರನ್ನೂ ಕೇಳದೆ ಎದ್ದು ಹೋಗಿ ದೊಡ್ಡ ಬಾಗಿಲನ್ನು ಎಳೆದ. ಬಾಗಿಲು ಕಿರ್ರೆಂದು ಬಂದು, ಒಂದು ಗೇಣು ಸಂದು ಉಳಿಸಿ, ಹಳಿ ತಪ್ಪಿ ಸಿಕ್ಕಿಕೊಂಡಿತು.

ಆಗಲೇ ಹೊರಗೆ ಚಿಲಿಪಿಲಿ ಶುರುವಾಯಿತು. ಇಬ್ಬರು ಹೆಂಗಸರು ಬೇಲಿಯ ಆಚೀಚೆ ನಿಂತು ಒಬ್ಬರ ಮಾತಿಗೆ ಒಬ್ಬರು ಬಿಡುವು ಕೊಡದೆ ಮಾತಾಡಿದ ಹಾಗೆ.

"ಬಂದವು!" ಎಂದು ದಾನಪ್ಪ ಬಾಗಿಲಿಗೆ ಓಡಿದ. ಸಂದಿನಲ್ಲಿ ನೀಲಿ ಬೆನ್ನೊಂದು ಮಿಂಚಿ ಹೋಯಿತು, ಅದರ ಹಿಂದೆ ಇನ್ನೊಂದು. ಎರಡೂ ಒಳಬರಲು ಬಂದು, ಬಾಗಿಲು ಕಂಡು, ತಿರುಗಿ ಹಾರಿದವು. ದಾನಪ್ಪ ಎಳೆದ, ಎರಿಕ್ ನೂಕಿದ, ಬ್ರಾಡ್ ಕೋಟು ತೆಗೆದೆಸೆದು ಹೆಗಲು ಕೊಟ್ಟ, ವಿಜಯ್ ಕುಮಾರ್ "ಸಾರಿ ಸಾರಿ" ಎನ್ನುತ್ತ ತಪ್ಪು ದಿಕ್ಕಿಗೆ ಎಳೆದ. ಬಾಗಿಲು ಅಲ್ಲಾಡಲಿಲ್ಲ.

"ಹಾಗಲ್ಲ! ಕತ್ತೆಗಳಾ! ಕೆಳಗಡೆ, ಕೆಳಗಡೆ ಒದೆಯಬೇಕು!"

ಕ್ಯಾರಲ್ ಕುರ್ಚಿಯಿಂದ ಎದ್ದಿದ್ದಳು. ಕುದುರೆ ಕಟ್ಟುವ ಕಂಬ ಹಿಡಿದು ಒಂದು ಹೆಜ್ಜೆ, ಗೋಡೆ ಹಿಡಿದು ಎರಡು, ಎರಿಕ್‌ನ ತಲೆ ಹಿಡಿದು ಮೂರನೆಯದು. ಮೊಣಕೈಯಿಂದ ಬ್ರಾಡ್‌ನನ್ನು ಪಕ್ಕಕ್ಕೆ ಸರಿಸಿ, ಗಟ್ಟಿಯಿದ್ದ ಕಾಲಲ್ಲಿ ನಿಂತು, ಹೊಸ ಸೊಂಟದ ಕಡೆಯ ಕಾಲಿನಿಂದ ಬಾಗಿಲಿನ ಬುಡಕ್ಕೆ ಒದ್ದಳು. ಹಳಿ ಕೂತಿತು. ಬಾಗಿಲು ತಾನಾಗಿ ಸರಿಯಿತು.

ಎರಡು ಹಕ್ಕಿಗಳೂ ಎಲ್ಲರ ತಲೆ ಸವರಿಕೊಂಡು ಒಳನುಗ್ಗಿ, ನೇರ ತೊಲೆಗೆ ಹೋಗಿ, ಹಳೆಯ ಗೂಡಿನ ಅಂಚಿನಲ್ಲಿ ಕೂತು ಜಗಳಕ್ಕೆ ನಿಂತವು.

ಕ್ಯಾರಲ್ ಆಗ ಕೆಳಗೆ ನೋಡಿಕೊಂಡಳು. "ಎರಿಕ್, ನಾನು ನಿಂತಿದ್ದೇನೆ. ಕುರ್ಚಿ ತಾ," ಎಂದಳು. ಎರಿಕ್‌ಗೆ ಅಳುವಿನಲ್ಲಿ ಕುರ್ಚಿ ಕಾಣಲಿಲ್ಲ. ಬ್ರಾಡ್ ಹೋಗಿ ತಂದ.

ಆಮೇಲೆ ಅವನು ಬಹಳ ಹೊತ್ತು ತೊಲೆಯನ್ನೇ ನೋಡಿದ. "ಅಂದರೆ, ಇವು ಹಕ್ಕಿಗಳು."

"ಹೌದು ಸರ್. ಆವತ್ತೇ ಹೇಳಿದ್ದೆ."

"ಇದು ಯಾರಿಗೆಲ್ಲ ಗೊತ್ತು?"

"ಎಲ್ಲರಿಗೂ ಹೇಳಿದ್ದೇನೆ. ಯಾರಿಗೂ ಗೊತ್ತಿಲ್ಲ."

ಬ್ರಾಡ್ ಕೋಟಿಗೆ ಅಂಟಿದ ಹುಲ್ಲು ಕೊಡವಿದ. ಒಂದು ವಾರದಿಂದ ಅವನು ಮೇಲಿನವರಿಗೆ ಸ್ವಾಲೋದ ಬಗ್ಗೆ ಏನೇನು ಹೇಳಿದ್ದನೋ, ಅದೆಲ್ಲ ಮುಖದಲ್ಲಿ ಬಂದು ಹೋಯಿತು. "ವಿಜಯ್," ಎಂದ ಕೊನೆಗೆ, "ಆ ಸಾಲನ್ನು ಹಸಿರು ಮಾಡಿ."

ಗೋ-ಲೈವ್ ಮುಂದಿನ ವಾರ ಆಯಿತು. ಒಂದು ತೊಡಕೂ ಬರಲಿಲ್ಲ. ಮೂರು ವಾರ ಬೇರೆ ಕೆಲಸವಿಲ್ಲದ ಟೆಸ್ಟರ್‌ಗಳು ಬೇಸರಕ್ಕೆ ಹಳೆಯದನ್ನೇ ಮತ್ತೆ ಕೆದಕಿ ಅರವತ್ತು ತಪ್ಪು ಹುಡುಕಿದ್ದರು. ಹೆಸರು ಮಾತ್ರ ಸ್ವಾಲೋಗೆ ಹೋಯಿತು. ವಾರದ ವರದಿಯಲ್ಲಿ ಅದಕ್ಕೊಂದು ಅಂಕಣವೇ ಬಂತು, ತುಂಬುವುದು ದಾನಪ್ಪನ ಕೆಲಸವಾಯಿತು. ಅವನು ಸುಳ್ಳನ್ನು ಒಂದೇ ಸಲ ಹೇಳಿ ಸಾಕಾಗಿ ಹೋಗಿದ್ದವನು, ಆದದ್ದನ್ನೇ ಬರೆಯುತ್ತ ಹೋದ. ಜೂನ್ ಎರಡನೇ ವಾರ 'ಸ್ವಾಲೋ ಎರಡರಿಂದ ಏಳಕ್ಕೆ ಏರಿದೆ' ಎಂದು ಬರೆದಾಗ, ಇಷ್ಟು ಬೇಗ ಹೊಸಬರನ್ನು ಸೇರಿಸಿಕೊಂಡದ್ದಕ್ಕೆ ಮುಖ್ಯ ಕಚೇರಿಯಿಂದ ಅಭಿನಂದನೆ ಬಂತು. ಎಲ್ಲರೂ ಆನ್‌ಲೈನ್ ಸಭೆಗೆ ಬರಬೇಕೆಂಬ ಕರೆಯೂ ಬಂತು. ಹೊಸದಾಗಿ ಮಕ್ಕಳಾಗಿವೆ, ಬೆಳಗಿನಿಂದ ಸಂಜೆಯವರೆಗೆ ಉಣ್ಣಿಸುವುದೇ ಆಗಿದೆ, ಬರಲಾಗದು ಎಂದು ದಾನಪ್ಪ ಉತ್ತರಿಸಿದ. ಮರುದಿನ ಹೆರಿಗೆ ರಜೆಯ ಅರ್ಜಿ ಬಂತು, ಎರಡು ಪ್ರತಿ.

ಕ್ಯಾರಲ್ ಆಗ ಸೌತ್‌ಫೀಲ್ಡ್‌ಗೆ ಹೋಗಲೊಪ್ಪದೆ ಲಾಯದ ಪಕ್ಕದ ಮನೆಯಲ್ಲೇ ವಾಕರ್ ಹಿಡಿದು ಓಡಾಡುತ್ತಿದ್ದಳು. ಶನಿವಾರ ದಾನಪ್ಪ ಅರ್ಜಿಗಳನ್ನು ಒಯ್ದು ತೋರಿಸಿದ. ತೊಲೆಯ ಮೇಲೆ ಐದು ಹಳದಿ ಬಾಯಿಗಳು ಒಟ್ಟಿಗೆ ತೆರೆದುಕೊಂಡಿದ್ದವು. ದೊಡ್ಡವೆರಡು ಹೊರಗೆ ಹೋಗುವುದು, ಒಳಗೆ ಬರುವುದು, ಉಸಿರಾಡಲೂ ಪುರುಸೊತ್ತಿಲ್ಲ.

"ಅರ್ಜಿದಾರರು ಮಗುವಿಗೆ ಏನಾಗಬೇಕು ಅಂತ ಕೇಳಿದ್ದಾರೆ," ಎಂದು ದಾನಪ್ಪ ಪೆನ್ನು ತೆಗೆದ. "ನನಗೆ ಎರಡೂ ಒಂದೇ ಥರ ಕಾಣುತ್ತವೆ."

ಕ್ಯಾರಲ್ ಕಣ್ಣು ಕಿರಿದು ಮಾಡಿ ಮೇಲೆ ನೋಡಿದಳು. "ಬಾಲ ಉದ್ದ ಇರುವುದು ತಂದೆ," ಎಂದಳು.

ದಾನಪ್ಪ ಹಾಗೆಯೇ ಬರೆದುಕೊಂಡ.