ಏಳು ಗುಂಡಿಗಳ ಪರೀಕ್ಷೆ

ನಮ್ಮಣ್ಣ ಆರ್ವಿಲ್‌ಗೆ ಎಪ್ಪತ್ತೆರಡು ವರ್ಷ. ರೈಲ್ವೆಯಿಂದ ನಿವೃತ್ತನಾದ ಮೇಲೆ ಅವನಿಗಿರುವ ಕೆಲಸ ಒಂದೇ, ಮೆಟಲ್ ಡಿಟೆಕ್ಟರ್ ಹಿಡಿದು ಊರ ಪಾರ್ಕಿನಲ್ಲಿ ಹಳೇ ನಾಣ್ಯ ಹುಡುಕುವುದು. ಅಯೋವಾದ ನಮ್ಮ ಈ ಸಣ್ಣ ಊರಿನಲ್ಲಿ ನೂರು ವರ್ಷದ ಹಿಂದೆ ಭಾನುವಾರದ ಬ್ಯಾಂಡ್ ಕೇಳಲು ಹುಲ್ಲಿನ ಮೇಲೆ ಕಾಲು ಚಾಚಿ ಕೂತವರ ಜೇಬಿನಿಂದ ಜಾರಿದ್ದೆಲ್ಲ ಇನ್ನೂ ನೆಲದಲ್ಲೇ ಇದೆ. ಅವನ ಜೊತೆ ನಾನೂ ಹೋಗುತ್ತೇನೆ. ಅಣ್ಣನನ್ನು ನೋಡಿಕೊಳ್ಳುವುದು ನೆಪ. ನನಗೂ ಅದೇ ಹುಚ್ಚು.

ಈ ಏಪ್ರಿಲ್‌ನಲ್ಲಿ ಯಾವನೋ ಪುಣ್ಯಾತ್ಮ ಬ್ಯಾಂಡ್ ಕಟ್ಟೆಯ ಸುತ್ತ ಹಂದಿ ಕೆದಕಿದ ಹಾಗೆ ಅಗೆದು, ಮುಚ್ಚದೆ ಹೋದ. ಪಾರ್ಕಿನ ಉಸ್ತುವಾರಿ ಗ್ರೆಟಾ ಲಿಂಡ್‌ಕ್ವಿಸ್ಟ್ ಇನ್ನು ಮೇಲೆ ಅಗೆತವೇ ಬಂದ್ ಎಂದಳು. ಪಾರ್ಕು ತಪ್ಪಿದರೆ ಅಣ್ಣ ದಿನವಿಡೀ ನನ್ನ ಅಡುಗೆಮನೆಯಲ್ಲಿ ಕೂತು ಸೂಪಿಗೆ ಉಪ್ಪು ಸಾಲದು ಅನ್ನುತ್ತಾ ಮುದುಕನಾಗಿಬಿಡುತ್ತಾನೆ.

ಅಣ್ಣ ಸೀದಾ ಅವಳ ಕಚೇರಿಗೆ ಹೋದ. "ಮೇಡಂ, ಏಳು ಕಡೆ ಅಗೀತೀನಿ. ಅದರಲ್ಲಿ ಒಂದನ್ನ ನೀವು ಹುಡುಕಿಬಿಟ್ರೆ ನಾನು ಈ ಕಡೆ ತಲೆನೂ ಹಾಕಲ್ಲ."

"ಸರಿ. ಹುಲ್ಲು ಬೆಳೆಸೋಳು ನಾನು, ನನ್ನ ಕಣ್ಣು ತಪ್ಪಿಸ್ತೀರಾ?" ಅಂದಳು ಗ್ರೆಟಾ.

ಅಗೆಯುವುದೂ ಒಂದು ವಿದ್ಯೆ. ಹುಲ್ಲನ್ನು ಕುದುರೆ ಲಾಳದ ಆಕಾರದಲ್ಲಿ ಕೊಯ್ದು, ಒಂದು ಬದಿ ಬಿಡಿಸದೆ ಮುಚ್ಚಳದಂತೆ ಎತ್ತಬೇಕು. ಮಣ್ಣನ್ನು ಟವೆಲ್ ಮೇಲೆ ಹಾಕಿ, ಪೂರ್ತಿ ವಾಪಸು ತುಂಬಿ, ಒತ್ತಿ, ನೀರು ಚಿಮುಕಿಸಬೇಕು. ಅಣ್ಣ ಏಳನ್ನೂ ಹಾಗೇ ಮುಗಿಸಿದ.

ಗ್ರೆಟಾ ಅರ್ಧ ಗಂಟೆ ಬಗ್ಗಿ ಬಗ್ಗಿ ನೋಡಿದಳು. ಕೊನೆಗೆ ಒಂದು ಕಡೆ ಬೆರಳು ತೋರಿಸಿ ಕೆದಕಿದರೆ ಅಳಿಲು ಹೂತಿಟ್ಟ ಕಾಯಿ ಬಂತು. ನಾನು ನಕ್ಕುಬಿಟ್ಟೆ. ಅಣ್ಣ ಮಾತ್ರ ನಗಲಿಲ್ಲ, ಸೊಂಟ ತಡಕಾಡುತ್ತಿದ್ದ.

"ಏನಾಯ್ತೋ ಅಣ್ಣ?"

"ಬ್ಯಾಟರಿ ಕಡ್ಡಿ ಇಲ್ಲ ಕಣೇ." ಗುಂಡಿಯೊಳಗೆ ನಾಣ್ಯ ಎಲ್ಲಿದೆಯೆಂದು ತೋರಿಸುವ ಗೇಣುದ್ದದ ಕಡ್ಡಿ ಅದು. "ಒಳಗೇ ಬಿಟ್ಟು ಮುಚ್ಚಿಬಿಟ್ಟೆ."

"ಯಾವ ಗುಂಡೀಲಿ?"

"ಗೊತ್ತಿದ್ರೆ ಇಷ್ಟೊತ್ತಿಗೆ ತೆಗೀತಿರಲಿಲ್ವೇನೇ?"

ತಾನು ತೋಡಿದ ಗುಂಡಿಗೆ ತಾನೇ ಬಿದ್ದವನ ಕಥೆ ಕೇಳಿದ್ದೆ. ತಾನು ತೋಡಿದ ಗುಂಡಿಯೇ ಸಿಗದವನನ್ನು ಅವತ್ತೇ ನೋಡಿದ್ದು.

"ಕೊಡಿ ಇಲ್ಲಿ," ಎಂದು ಗ್ರೆಟಾ ಡಿಟೆಕ್ಟರ್ ಕಿತ್ತುಕೊಂಡಳು. ಹೆಜ್ಜೆ ಹೆಜ್ಜೆಗೂ ಅದು ಕಿರುಚಿತು. "ಎಲ್ಲಾ ಕಡೆನೂ ಇದೆಯಲ್ರೀ."

"ನಿಮ್ಮ ಬೂಟಿನ ತುದೀಲಿ ಉಕ್ಕಿದೆ ಮೇಡಂ. ಅದು ನಿಮ್ಮ ಕಾಲನ್ನೇ ನಿಧಿ ಅಂತಿದೆ."

ಬೂಟು ಬಿಚ್ಚಿ ಕೆಂಪು ಕಾಲುಚೀಲದಲ್ಲಿ ಒದ್ದೆ ಹುಲ್ಲಿನ ಮೇಲೆ ಸುತ್ತಿದಳು. ಬೆಂಚಿನ ಹತ್ತಿರ ಸದ್ದು ಬಂತು. ಅಣ್ಣ ಹೇಳಿಕೊಟ್ಟ ಹಾಗೆ ಹುಲ್ಲಿನ ಮುಚ್ಚಳ ಎತ್ತಿದಾಗ ಕಡ್ಡಿ ಅಲ್ಲೇ ಮಲಗಿತ್ತು. ಅದನ್ನು ತೆಗೆದ ಮೇಲೂ ಅವಳು ಗುಂಡಿಯ ಮೇಲೆ ಇನ್ನೊಮ್ಮೆ ಯಂತ್ರ ಆಡಿಸಿದಳು. ಮತ್ತೆ ಸದ್ದು.

"ಅಲ್ಲಿ ನಾನು ಬರೀ ಬಾಟಲಿ ಮುಚ್ಚಳ ತೆಗೆದದ್ದು," ಅಂದ ಅಣ್ಣ, ಸಪ್ಪಗೆ. ಆ ತಗಡಿನ ಸದ್ದಿನಡಿ ಇನ್ನೊಂದು ಸದ್ದು ಅಡಗಿದ್ದು ಅವನಿಗೆ ಗೊತ್ತಾಗಿರಲಿಲ್ಲ. ಗ್ರೆಟಾ ಮಣಿಕಟ್ಟಿನವರೆಗೆ ಕೈ ಇಳಿಸಿ ಹತ್ತು ಸೆಂಟಿನ ಬೆಳ್ಳಿ ನಾಣ್ಯ ಎತ್ತಿದಳು. ಇಸವಿ 1912. ಕೆಸರಿನಲ್ಲೇ ಕೂತು ಅದನ್ನು ಎಷ್ಟೋ ಹೊತ್ತು ಉಜ್ಜಿದಳು. ಆ ಮುಖ ನೋಡಿ ನನಗೆ ಖುಷಿ ತಡೆಯಲಾಗಲಿಲ್ಲ.

"ಆಯ್ತು, ಅಗೀರಿ," ಅಂದಳು ಕೊನೆಗೆ. "ಗುರುವಾರ ಮಧ್ಯಾಹ್ನ ಮಾತ್ರ."

"ವಾರಕ್ಕೆ ಒಂದೇ ದಿನಾನಾ ಮೇಡಂ?"

"ಬೇರೆ ದಿನ ನನಗೆ ಬಿಡುವಿಲ್ಲ ಕಣ್ರೀ. ನಾನಿಲ್ಲದಾಗ ನೀವಿಬ್ಬರೇ ಎಲ್ಲಾ ತೆಗೆದುಬಿಟ್ರೆ?"